ಹಿಮ್ಮಡಿಯ ಎಳೆ

"ಏಯ್ ಪಾಕಣ್ಣ, ನಿನ್ನ ಕರೆದಿದ್ದು ಸಕ್ಕರೆ ಕಾಯಿಸೋಕೆ, ಕಲೆ ನೋಡೋಕಲ್ಲ. ಬೆವರು ನಾತ ಹೊಡೀತಿದ್ದೀಯ, ಹಿಂದಿನ ಬಾಗಿಲಿಂದ ಹೋಗಪ್ಪ!" ಎಂದ ಶಿಲ್ಪಿ. ಪ್ರದರ್ಶನಕ್ಕೆ ಬಂದಿದ್ದ ಅತಿಥಿಗಳೆಲ್ಲ ನಕ್ಕರು. ಅವರ ನಡುವೆ ಎರಡಾಳೆತ್ತರದ ಸಕ್ಕರೆಯ ಹೆಂಗಸು ಕಬ್ಬಿನ ಹೊರೆ ಹೊತ್ತು ನಿಂತಿದ್ದಳು. ಫಲಕದಲ್ಲಿ 'ಬತ್ತಿದ ನದಿಗೆ, ದುಡಿದವರ ಬೆವರಿಗೆ' ಎಂದು ಬರೆದಿತ್ತು.

ಪಾಕಣ್ಣ ಬಗ್ಗಿ ಅವಳ ಹಿಮ್ಮಡಿ ಮುಟ್ಟಿದ. ಹೆಬ್ಬೆರಳನ್ನೂ ತೋರುಬೆರಳನ್ನೂ ಅಂಟಿಸಿ ಬಿಡಿಸಿದ. ನಡುವೆ ಎಳೆ ಬಂತು. ದೀಪಗಳ ಕಾವಿಗೆ ಕಾಲು ಕರಗುತ್ತಿತ್ತು. ಅದನ್ನು ಹೇಳಲೆಂದೇ ಅವನು ಬಂದಿದ್ದ.

ಫೋಟೋಗೆಂದು ಎಲ್ಲರೂ ಹೊರೆಯ ಕೆಳಗೆ ಒತ್ತಿಕೊಂಡು ನಿಂತರು. ಎಲ್ಲೋ ಚಿಟ್ ಎಂದಿತು.

"ಏನೋ ಅದು ಸದ್ದು?" ಶಿಲ್ಪಿ ಕೇಳಿದ.

ಪಾಕಣ್ಣ ಬೆರಳನ್ನು ಅಂಗಿಗೆ ಒರೆಸಿಕೊಂಡು ಹಿಂದಿನ ಬಾಗಿಲತ್ತ ನಡೆದ.