ಹೆಸರು ಬರುವ ಜಾಗ

"ಮತ್ತೆ ಅಲ್ಲೇ ಕಟ್ಟಾಯ್ತು ನೋಡಿ ಯಜಮಾನ್ರೇ!" ಎಂದು ಜಕೀವುಲ್ಲಾ ಗುಂಡಿ ಒತ್ತಿದ. ತಿರುಗುತ್ತಿದ್ದ ಟೇಪಿನ ಎರಡು ದೊಡ್ಡ ಸುರುಳಿಗಳೂ ಟಕ್ಕೆಂದು ನಿಂತವು.

ಯಜಮಾನರು ಕಣ್ಣು ತೆರೆದರು. ಮದ್ದೂರಿನ ಆ ಪುಟ್ಟ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಬೆಳಗಿನಿಂದ ಕೂತಿದ್ದರೂ ಅವರು ಅಲ್ಲಿರಲಿಲ್ಲ; ಹಾಡಿನೊಳಗೆ ಎಲ್ಲೋ ಹೊಳೆಯ ದಂಡೆಯಲ್ಲಿ ನಡೆಯುತ್ತಿದ್ದರು. ಶಿವನಸಮುದ್ರದ ಪವರ್‌ಹೌಸಿನಲ್ಲಿ ದುಡಿದು ನಿವೃತ್ತರಾದ ಅವರನ್ನು ಎಲ್ಲರೂ ಪವರ್‌ಹೌಸ್ ಯಜಮಾನರೆಂದೇ ಕರೆಯುವುದು. ಹೆಂಡತಿ ದೇವಿರಮ್ಮ ತೀರಿಕೊಂಡು ಬರುವ ಸೋಮವಾರಕ್ಕೆ ವರ್ಷ ತುಂಬುತ್ತದೆ. ಅಂದು ವೈದ್ಯನಾಥಪುರದ ಗುಡಿಯಲ್ಲಿ, ಸ್ವಾಮಿಯ ಎದುರಿಗೆ, ಆಕೆಯ ಹಾಡು ಕೇಳಿಸಬೇಕು. ಅವರಿಗೆ ಉಳಿದಿದ್ದ ಆಸೆ ಅದೊಂದೇ.

ಮಂಡ್ಯದಲ್ಲಿ ಹಳೆಯ ರೆಕಾರ್ಡಿಂಗ್ ಸ್ಟುಡಿಯೋ ಒಂದನ್ನು ಕೆಡವುವಾಗ ಈ ಟೇಪ್ ರೆಕಾರ್ಡರೂ ಈ ಸುರುಳಿಯೂ ಅವರ ಕೈಗೆ ಬಂದಿದ್ದವು. ಭಜನಾ ಮೇಳದ ಹೆಂಗಸರು ಬಂದು ಸೇರುವ ಮೊದಲು, ಶ್ರುತಿ ನೋಡಲೆಂದು ದೇವಿರಮ್ಮನೊಬ್ಬಳಿಂದಲೇ ಹಾಡಿಸಿದ ಸುರುಳಿ ಅದು. ಗುಡಿಯಲ್ಲಿ ಆಕೆ ಹಾಡಿದ್ದೆಲ್ಲ ಹತ್ತು ದನಿಗಳ ನಡುವೆ. ಒಂಟಿ ದನಿ ಇದ್ದದ್ದು ಇದರಲ್ಲಿ ಮಾತ್ರ. ತಂದಾಗ ಉಸಿರೇ ಇರದಿದ್ದ ಯಂತ್ರಕ್ಕೆ ಜಕೀವುಲ್ಲಾ ಹೊಸ ಬೆಲ್ಟು ಹಾಕಿ, ಒಣಗಿಹೋದ ಕಂಡೆನ್ಸರುಗಳನ್ನು ಕಿತ್ತು ಬೇರೆ ಬೆಸೆದು, ಜೀವ ಬರಿಸಿದ್ದ. ಉಳಿದದ್ದು ಈ ಒಂದೇ ದೋಷ.

"ಶಿಂಶಾ ತಡಿಯಲ್ಲಿ ನಿಂತೋನೆ, ನೊಂದ ಜೀವಕ್ಕೆ ಮದ್ದಾದೋನೆ, ನನ್ನ ತಂದೆ..." ಅಲ್ಲಿಯತನಕ ದನಿ ತಿಳಿನೀರಿನ ಹಾಗೆ ಹರಿದು ಬರುತ್ತದೆ. ಆಮೇಲೆ 'ವೈದ್ಯನಾಥ' ಎಂದು ಬರಬೇಕು. ಬರುವುದಿಲ್ಲ. ಒಂದು ಗಳಿಗೆ ಬಿಟ್ಟು "ಕಾಯೋ" ಎಂದು ದನಿ ಮತ್ತೆ ಏಳುತ್ತದೆ. ಪ್ರತಿ ಚರಣದಲ್ಲೂ ಹೀಗೆಯೇ.

"ಕೆಪ್ಪಾಗಿರೋದು ಈ ಹೆಡ್ಡೇ ಇರ್ಬೇಕು," ಎಂದು ಜಕೀವುಲ್ಲಾ ಹತ್ತಿಯನ್ನು ಸ್ಪಿರಿಟಿಗೆ ಅದ್ದಿದ. "ಟೇಪು ಉಜ್ಕಂಡು ಓಗೋ ಜಾಗ ಇದು. ಕೊಳೆ ಕೂತ್ರೆ ದನಿ ಸತ್ತೋಯ್ತದೆ."

"ಚೆಂದಾಗಿ ಒರ್ಸಪ್ಪ. ದೇವ್ರ ಎಸ್ರೇ ಇಲ್ದಿರೋ ಆಡ್ನ ದೇವ್ರ ಮುಂದೆ ಎಂಗಾಕ್ಲಿ?"

ಒರೆಸಿದ್ದಾಯಿತು. ಹೆಡ್ಡಿನ ಸ್ಕ್ರೂ ತಿರುಗಿಸಿ ಕೂರಿಸಿದ್ದಾಯಿತು. ದನಿ ಅಲ್ಲೇ ನಿಂತಿತು.

"ಬರೀ ದೇವ್ರೆಸ್ರನ್ನೇ ನುಂಗೋ ಮಿಷಿನ್ನ ನಾನೆಲ್ಲೂ ಕಾಣೆ. ನಿಮ್ ಸ್ವಾಮಿ ಮುನ್ಸ್ಕಂಡವ್ನೆ ಯಜಮಾನ್ರೇ."

"ಅವ್ನು ಮುನ್ಸ್ಕಳ್ಳೋ ದೇವ್ರಲ್ಲ ಕಣಯ್ಯ. ನೀನು ಕನ್ನಡ್ಕ ಆಕ್ಕಂಡು ನೋಡು ಮೊದ್ಲು!"

ಜಕೀವುಲ್ಲಾ ನಗುತ್ತ ಕನ್ನಡಕ ಹಾಕಿಕೊಂಡು, ಸದ್ದಿನ ಏರಿಳಿತ ತೋರಿಸುವ ಮೀಟರಿನ ಮುಳ್ಳಿಗೆ ಮುಖ ತಂದು ಕೂತ. ದನಿ ನಿಂತ ಕಡೆ ಮುಳ್ಳು ಪೂರ್ತಿ ಮಲಗಲಿಲ್ಲ, ಸಣ್ಣಗೆ ನಡುಗುತ್ತಿತ್ತು. ಅವನು ಸದ್ದನ್ನು ಕೊನೆಯತನಕ ಏರಿಸಿದ. ಖಾಲಿ ಎಂದುಕೊಂಡಿದ್ದ ಜಾಗದಲ್ಲಿ ಶ್ರುತಿಪೆಟ್ಟಿಗೆ ದುಂಬಿಯಂತೆ ಮೊರೆಯುತ್ತಲೇ ಇತ್ತು. ಅದರ ಮೇಲೆ, ಎಲ್ಲೋ ಕನಸಿನಿಂದ ಬಂದಂತೆ, ಗಲ್ಲೆಂದಿತು ಒಂದು ಬಳೆಯ ಸದ್ದು.

"ಹೆಡ್ ಕೆಟ್ಟಿದ್ರೆ ಶ್ರುತಿಪೆಟ್ಗೇನೂ ನಿಲ್ಬೇಕಿತ್ತು. ನಿಂತಿಲ್ಲ," ಎಂದ ಜಕೀವುಲ್ಲಾ. "ಮಿಷಿನ್ನು ಸರ್ಯಾಗೈತೆ ಯಜಮಾನ್ರೇ. ಆಡೋರೇ ನಿಲ್ಸವ್ರೆ."

ಯಜಮಾನರ ಮುಖ ಬಾಡಿತು. ಮುಂಜಾನೆ ಸ್ವಾಮಿಗೆ ಕೈ ಮುಗಿಯದೆ ಹನಿ ನೀರು ಕುಡಿದವಳಲ್ಲ ಆಕೆ. "ಮರ್ತಳು ಅಂತೀಯಾ? ದೇವ್ರೆಸ್ರ ಮರೆಯೋಳಲ್ಲ ಕಣಯ್ಯ ಅವ್ಳು," ಎಂದರು.

ಅಂಗಡಿಯ ಹಿಂದೆಯೇ ಮನೆ. ಪರದೆ ಸರಿಸಿಕೊಂಡು ಜಕೀವುಲ್ಲಾನ ತಾಯಿ ಹಾಜಿರಾ ಬೀ ಟೀ ಲೋಟಗಳೊಂದಿಗೆ ಬಂದರು. "ಏನ್ ಗಂಡಸ್ರಪ್ಪ ನೀವು! ಬೆಳಗ್ನಿಂದ ಒಳಗ್ಕೂತು ಕೇಳ್ತಾ ಇವ್ನಿ. ಅಣ್ಣಾ, ನಿಮ್ಮೆಸ್ರೇನು? ಪವರ್‌ಹೌಸು ಅಂತ ಅಪ್ಪ ಅವ್ವ ಎಸ್ರು ಕಟ್ಟಿರಾಕಿಲ್ಲ."

ಯಜಮಾನರು ಬಾಯಿ ತೆರೆದರು.

"ವೈದ್ಯನಾಥ," ಎಂದರು, ಬೇರೆ ಯಾರದೋ ಹೆಸರು ಹೇಳುವಂತೆ.

"ಮತ್ತೆ ಆಯಮ್ಮ ಎಂಗಂದಾಳು? ದೇವ್ರದ್ದಾದ್ರೂ ಗಂಡನ ಎಸ್ರು ಗಂಡನ ಎಸ್ರೇ ಅಲ್ವಾ? ಇವ್ನಪ್ಪನ ಎಸ್ರ ನಾನು ಇವತ್ಗೂ ನಾಲ್ಗೆ ಮ್ಯಾಲೆ ತಂದಿಲ್ಲ. ರೇಸನ್ ಅಂಗ್ಡೀಲಿ ಕೇಳುದ್ರೆ ಇವ್ನ ತಿವೀತೀನಿ, ನೀನೇಳ್ಲಾ ಅಂತ."

ಯಜಮಾನರಿಗೆ ಟೀ ಲೋಟ ಭಾರವಾಯಿತು. ಗುಡಿಯ ಕಂಬಕ್ಕೆ ಒರಗಿ ವರ್ಷಗಟ್ಟಲೆ ಆ ಭಜನೆ ಕೇಳಿದ್ದರು. ಹತ್ತು ದನಿಗಳು ಆ ಹೆಸರನ್ನು ಎತ್ತಿ ಹಾಡುವಾಗ ಒಂದು ದನಿ ಮಾತ್ರ ತುಟಿ ಮುಚ್ಚಿ ನಿಲ್ಲುತ್ತಿತ್ತೆಂದು ತಿಳಿಯಲೇ ಇಲ್ಲ. ಮನೆಯಲ್ಲಿಯೂ ಆಕೆ ಕೂಗಿ ಕರೆದವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಬಳೆ ಅಲುಗಿಸುತ್ತಿದ್ದಳು, ಅಷ್ಟೆ. ಜಗಲಿಯಿಂದ ಇವರು ಎದ್ದು ಹೋಗುತ್ತಿದ್ದರು.

"ಯೋಚ್ನೆ ಮಾಡ್ಬ್ಯಾಡಿ," ಎಂದ ಜಕೀವುಲ್ಲಾ. "ಮೇಳದೋರ್ ಯಾರ್ ಕೈಲಾದ್ರೂ ಎಸ್ರ ಅನ್ಸಿ, ಕಂಪ್ಯೂಟ್ರಲ್ಲಿ ಆ ಜಾಗಕ್ಕೆ ಕೂರ್ಸ್ಬುಡಾನ. ಗೊತ್ತೇ ಆಗಾಕಿಲ್ಲ."

"ಬ್ಯಾಡ. ಅಂಗೇ ಇರ್ಲಿ. ಸ್ವಾಮಿ ಇಂಗೇ ಕೇಳ್ಲಿ. ಮೊದ್ಲಿಂದ ಆಕು."

ಸುರುಳಿಗಳು ತಿರುಗಿದವು. ಯಜಮಾನರು ಕಣ್ಣು ಮುಚ್ಚಿದರು. ಶಿಂಶಾ ತಡಿ ಬಂತು, ನೊಂದ ಜೀವ ಬಂತು, ನನ್ನ ತಂದೆ ಎಂದು ದನಿ ನಿಂತಿತು. ಶ್ರುತಿಯ ಮೊರೆತದ ಮೇಲೆ ಬಳೆ ಗಲ್ಲೆಂದಿತು.

"ಓ," ಎಂದು ಅವರು ಓಗೊಟ್ಟರು.