ಮಂಡಿಯೂರಿ ಕೊಟ್ಟ ಚಹಾ

ಮುದುಕಿ ಹಸಿ ಸುಳ್ಳು ಹೇಳುತ್ತಿದ್ದಾಳೆಂದು ದುಭಾಷಿ ಗೋ ತೆಕ್ ಸಿನ್‌ಗೆ ಮೊದಲ ಮಾತಿನಲ್ಲೇ ಗೊತ್ತಾಯಿತು. ಜೈಲಿನಲ್ಲಿರುವ ಮುಷ್ಕರದ ಮುಂದಾಳು ಉಯ್ ಬೂನ್ ಹ್ವಾಟ್ ತನ್ನ ಮಗ, ಇದೇ ಸಿಂಗಪುರದಲ್ಲಿ ಹೆತ್ತೆ ಎನ್ನುತ್ತಿದ್ದಳು. ಯಾವ ವರ್ಷವೆಂದು ಕೇಳಿದರೆ, ಹನ್ನೆರಡು ಪ್ರಾಣಿಗಳ ಚೀನೀ ಸಂವತ್ಸರ ಚಕ್ರದಲ್ಲಿ ನಾಯಿಯ ವರ್ಷ ಎಂದಳು. ಆ ಲೆಕ್ಕಕ್ಕೆ ಉಯ್‌ಗೆ ಬರೀ ಇಪ್ಪತ್ತು. ಅವನ ತಲೆಯಲ್ಲಿ ಆಗಲೇ ನರೆ ಇಣುಕಿತ್ತು.

ಗೋ ರೆಪ್ಪೆ ಅಲುಗಿಸದೆ ಅದನ್ನು ಮೊಲದ ವರ್ಷವೆಂದು ಅನುವಾದಿಸಿ ಉಯ್ ವಯಸ್ಸಿಗೆ ಏಳು ವರ್ಷ ಸೇರಿಸಿಬಿಟ್ಟ. ಅಧಿಕಾರಿ ಪ್ರೆಸ್ಕಾಟ್ ಕ್ಯಾಂಟನ್ನಿನಲ್ಲಿ ಚೀನೀ ಕಲಿತವನು. ಮುದುಕಿಯಾಡುತ್ತಿದ್ದ ಹೊಕ್ಕಿಯೆನ್ ನುಡಿ ಅವನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಸಿಂಗಪುರದ ಬ್ರಿಟಿಷ್ ಸರ್ಕಾರಕ್ಕೆ ಅತ್ತ ದರಿ, ಇತ್ತ ಪುಲಿ. ಉಯ್ ನಮ್ಮ ಪ್ರಜೆ, ಅಮೊಯ್ ಬಂದರಿಗೆ ಗಡೀಪಾರು ಮಾಡಿ ಎಂದು ಚೀನಾದ ಕಾನ್ಸಲ್ ಪಟ್ಟು ಹಿಡಿದಿದ್ದ. ಕಳಿಸಿದರೆ ಅಲ್ಲಿನ ಬಂದರುಕಟ್ಟೆಯ ಮೇಲೇ ಗುಂಡು. ಸಿಪಾಯಿಗಳ ಕೈ ಬೆಚ್ಚಗೆ ಮಾಡಿ ಒಂದಿಬ್ಬರು ತಪ್ಪಿಸಿಕೊಂಡದ್ದೂ ಉಂಟೆನ್ನಿ. ಸತ್ತರೆ ಲಂಡನ್ನಿನ ಪತ್ರಿಕೆಗಳು ಬಾಯಿ ಬಡಿದುಕೊಳ್ಳುತ್ತವೆ. ಕಳಿಸದಿದ್ದರೆ ಎರಡು ಸರ್ಕಾರಗಳ ಒಪ್ಪಂದದ ಮಾತುಕತೆ ಮುರಿಯುತ್ತದೆ. ಈ ಜಗ್ಗಾಟದಲ್ಲಿ, ಮುಷ್ಕರದ ದಿನ ರಬ್ಬರ್ ಗೋದಾಮು ಉರಿದು ಕಾವಲುಗಾರ ಸತ್ತ ಮೊಕದ್ದಮೆಯೂ ಮೂಲೆ ಸೇರಿತ್ತು. ಉಯ್ ಮೇಲೆ ಗುಮಾನಿಯಿತ್ತು, ಸಾಕ್ಷಿಯಿರಲಿಲ್ಲ.

ಇಲ್ಲೇ ಹುಟ್ಟಿದವನಾದರೆ ಗಡೀಪಾರಿನ ಪ್ರಶ್ನೆಯೇ ಇಲ್ಲ. ಕಾನ್ಸಲ್ ಬಾಯಿಗೂ ಬೀಗ. ಪ್ರೆಸ್ಕಾಟ್‌ಗೆ ಬೇಕಿದ್ದದ್ದೂ ಅದೇ. ಉಯ್ ನಡೆಸುತ್ತಿದ್ದ ಶಾಲೆಯಲ್ಲಿ ಗೋನ ತಮ್ಮ ನಾಲ್ಕಕ್ಷರ ಕಲಿತಿದ್ದ. ಹಾಗಾಗಿ ಗೋಗೆ ಬೇಕಿದ್ದದ್ದೂ ಅದೇ. ಉಯ್‌ನ ಕಾರ್ಮಿಕ ಸಂಘದವರು ಜಾಣರು, ಸರಿಯಾದ ಮುದುಕಿಯನ್ನೇ ಕಳಿಸಿದ್ದಾರೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ.

ಆದರೂ ಒಂದು ಪರೀಕ್ಷೆ ಬೇಕೆಂದ ಪ್ರೆಸ್ಕಾಟ್. ಕೈದಿ ಮಂಡಿಯೂರಿ ಇವಳಿಗೆ ಚಹಾ ಕೊಡಲಿ. ಹೆತ್ತವಳಲ್ಲದಿದ್ದರೆ ಚೀನೀಯನು ಪ್ರಾಣ ಹೋದರೂ ಹಾಗೆ ಮಾಡುವುದಿಲ್ಲ, ನನಗೆ ಈ ಜನ ಗೊತ್ತು ಎಂದ. ಗೋ ನಗು ನುಂಗಿಕೊಂಡ. ಮದುವೆಯಲ್ಲಿ ಅತ್ತೆಗೆ, ಕಸುಬು ಕಲಿಸಿದ ಗುರುವಿಗೆ, ತಪ್ಪು ಮಾಡಿ ನೋಯಿಸಿದವರಿಗೆ, ತಮ್ಮವರು ಯಾರಿಗೆ ಮಂಡಿಯೂರಿ ಚಹಾ ಕೊಡುವುದಿಲ್ಲ?

ಉಯ್‌ನನ್ನು ಕರೆತಂದರು. ಅವನ ತಾಯಿ ಚೀನಾದ ಊರಲ್ಲಿ ತೀರಿಹೋಗಿ ಹತ್ತು ವರ್ಷ.

"ನಿಮ್ಮಮ್ಮ ಬಂದಿದ್ದಾರೆ ನೋಡಣ್ಣ. ಚಹಾ ಕೊಡು," ಎಂದ ಗೋ.

ಉಯ್ ಒಂದು ಕ್ಷಣ ಪಿಳಿಪಿಳಿ ನೋಡಿದ. ಮರುಕ್ಷಣ ಮಂಡಿಯೂರಿ ಎರಡೂ ಕೈಯಲ್ಲಿ ಬಟ್ಟಲು ಎತ್ತಿದ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಮುದುಕಿ ಅವನ ಮುಖವನ್ನೇ ದಿಟ್ಟಿಸುತ್ತ ಒಂದು ಹನಿ ಬಿಡದೆ ಕುಡಿದಳು.

ಪ್ರೆಸ್ಕಾಟ್ ಮುದ್ರೆ ಒತ್ತಿದ. ಹೇಳಿಕೆಯ ಕೆಳಗೆ ಮುದುಕಿ ಹೆಬ್ಬೆಟ್ಟು ಒತ್ತಿದಳು. ಅನುವಾದ ಸರಿಯಿದೆಯೆಂದು ಗೋ ಸಹಿ ಹಾಕಿದ.

ಹೊರಗೆ ಮೆಟ್ಟಿಲ ಬಳಿ ಅವನು ಅವಳನ್ನು ಹಿಡಿದು ನಿಲ್ಲಿಸಿದ.

"ಪುಣ್ಯ ಕಟ್ಕೊಂಡ್ರಿ ಅಜ್ಜಿ. ಸಂಘದವರು ಕಳಿಸಿದ್ರಾ?"

"ಯಾರೂ ಕಳಿಸಿಲ್ಲಪ್ಪ. ಹಡಗು ಹತ್ತಿದ್ರೆ ದುಡ್ಡು ಚೆಲ್ಲಿ ಬಚಾವಾಗ್ತಿದ್ದ. ಇನ್ನೆಲ್ಲಿಗೆ ಹೋಗ್ತಾನೆ? ಈಗ ನೆಟ್ಟಗೆ ಪೊಲೀಸರ ಹತ್ರ ಹೋಗಿ, ಅವನು ಸೀಮೆಎಣ್ಣೆ ಡಬ್ಬ ಹಿಡ್ಕೊಂಡು ಗೋದಾಮಿಗೆ ನುಗ್ಗಿದ್ದು ಕಣ್ಣಾರೆ ಕಂಡೆ ಅಂತೀನಿ. ಹೆತ್ತ ತಾಯೇ ಹೇಳಿದ್ರೆ ಯಾವ ಜಡ್ಜು ನಂಬಲ್ಲ?"

ಗೋ ಬಾಗಿಲ ಕಡೆ ತಿರುಗಿದ. ಒಳಗೆ ಓಡಿ ನಿಜ ಹೇಳೋಣವೆಂದರೆ, ಸುಳ್ಳಿಗೆ ಸಹಿ ಹಾಕಿದವನು ತಾನೇ.

"ನಿಜವಾಗ್ಲೂ ಅವನನ್ನ ನೋಡಿದ್ರಾ?"

"ಇಲ್ಲ. ನಾನು ನೋಡಿದ್ದು ಆ ಕಾವಲುಗಾರನ ಹೆಣ," ಎಂದಳು, "ಇಪ್ಪತ್ತು ವರ್ಷದ ನನ್ನ ಒಬ್ಬನೇ ಮಗ."