ಮೂಲೆಯಾಚೆಯ ಅಕ್ಕ

ಗೋಡೆಗೆ ಚಿತ್ರ ಅಚ್ಚು ಹಾಕುವ ಯಂತ್ರದ ತಲೆ ಮೇಲೆ ಕೆಳಗೆ ಏರಿಳಿಯುತ್ತ ಒಂದೊಂದೇ ಪಟ್ಟಿ ಬಣ್ಣ ಬಿಡುತ್ತಿತ್ತು. ಎದುರಿಗೆ ಕುರ್ಚಿ ಹಾಕಿಕೊಂಡು ಕೂತ ಮನೆಯ ಅಜ್ಜಿ ಮುಂಚೆಯೇ ಹೇಳಿಬಿಡುತ್ತಿದ್ದರು: "ಈಗ ದೋಣಿ ಬರುತ್ತೆ ನೋಡಮ್ಮ." ದೋಣಿ ಬಂತು. "ಈಗ ನಾನು." ಎರಡು ಜಡೆಯ ಹುಡುಗಿ ಬಂದಳು. ಯಂತ್ರದ ಒಡತಿಗೆ ಸೋಜಿಗ. ನೆಂಟರ ಮನೆಯಲ್ಲಿ ಸಿಕ್ಕ ಆ ಹಳೇ ಫೋಟೋವನ್ನು ಅಜ್ಜಿಯ ಮಗ ಗುಟ್ಟಾಗಿ ಅವಳಿಗೆ ಕಳಿಸಿದ್ದ. ಅಜ್ಜಿ ಅದನ್ನು ಕಂಡು ಅರವತ್ತು ವರ್ಷವಾಗಿತ್ತಂತೆ.

"ಇನ್ನು ಅಕ್ಕ ಬರ್ತಾಳೆ. ನನ್ನ ಕೈ ಹಿಡ್ಕೊಂಡಿದಾಳೆ."

ಯಂತ್ರ ನಿಂತಿತು. ಹುಡುಗಿ ಚಾಚಿದ ಕೈ ಗೋಡೆಯ ಮೂಲೆಗೆ ಬಂದು ಮುಗಿದಿತ್ತು. ಗೋಡೆ ಸಾಲದೆಂದು ಫೋಟೋದ ಬಲತುದಿಯ ಮಸುಕು ಆಕೃತಿಯನ್ನು ಕತ್ತರಿಸಿ ತೆಗೆದವಳು ಒಡತಿಯೇ.

"ಮುಗೀತೇನಮ್ಮ?" ಅಜ್ಜಿ ಮೆಲ್ಲಗೆ ಕೇಳಿದರು.

"ಇಲ್ಲ ಅಜ್ಜಿ, ಇನ್ನೂ ಇದೆ." ಅವಳು ಯಂತ್ರವನ್ನು ಪಕ್ಕದ ಗೋಡೆಗೆ ತಿರುಗಿಸಿ, ಲ್ಯಾಪ್‌ಟಾಪಿನಲ್ಲಿ ಪೂರ್ತಿ ಫೋಟೋ ಹುಡುಕಿದಳು. ಅರ್ಧ ಗಂಟೆಯಲ್ಲಿ ಮೂಲೆಯಾಚೆ ಮೊದಲು ಒಂದು ಕೈ, ಆಮೇಲೆ ನಗುವ ಹುಡುಗಿಯೊಬ್ಬಳು ಮೂಡಿದಳು.

ಅಜ್ಜಿ ಎದ್ದು ಹೋಗಿ, ಎರಡು ಕೈ ಸೇರಿದ ಮೂಲೆಯಲ್ಲಿ ಬೆರಳಿಟ್ಟರು. ಬಹಳ ಹೊತ್ತು ಆ ಮುಖವನ್ನೇ ನೋಡಿದರು.

"ಅವತ್ತು ಎಷ್ಟು ದೊಡ್ಡೋಳು ಅನ್ನಿಸ್ತಿದ್ಲು," ಎಂದರು. "ಎಷ್ಟು ಪುಟ್ಟ ಮಗು ನೋಡಮ್ಮ."